ಎದುರಿಗೆ ನಿಂತವರ ಮೈ

(ಮೈಸೂರು. ಬೆಳಗಿನ ಬ್ಯಾಚು ಮುಗಿದಿದೆ, ಸಂಜೆಯದಕ್ಕೆ ಇನ್ನೂ ಹೊತ್ತಿದೆ. ಮನೆಮನೆಗೆ ಹೋಗಿ ವ್ಯಾಯಾಮ ಹೇಳಿಕೊಡುವ ಟ್ರೈನರ್ ಒಬ್ಬರು. ಗರಡಿಯಲ್ಲಿ ಬೆಳೆದು, ಡಿಗ್ರಿ ಮುಗಿಸಿ, ಅದೇ ಕೆಲಸಕ್ಕೆ ಬರಬೇಕೆಂದಿರುವ ಹುಡುಗ ಒಬ್ಬ.)

ಹುಡುಗ: ಅಕ್ಕ, ನಾನು ತೀರ್ಮಾನ ಮಾಡಿಬಿಟ್ಟಿದೀನಿ. ಪರ್ಸನಲ್ ಟ್ರೈನರ್ ಆಗ್ತೀನಿ. ಬಿ.ಕಾಂ. ಮುಗೀತು, ಆದ್ರೆ ಆಡಿಟರ್ ಆಫೀಸಲ್ಲಿ ಕೂರೋಕೆ ನನ್ನ ಕೈಲಾಗಲ್ಲ. ಚಿಕ್ಕಂದಿನಿಂದ ಗರಡಿ ಮಟ್ಟೀಲಿ ಬಿದ್ದೆದ್ದವನು. ದೊಡ್ಡಕೆರೆ ಮೈದಾನದಲ್ಲಿ ದಸರಾ ಕುಸ್ತಿ ಆಡಿದೀನಿ. ನನ್ನ ಮೈ ನೋಡಿದರೇ ಜನಕ್ಕೆ ಗೊತ್ತಾಗುತ್ತಲ್ವಾ?

ಅಕ್ಕ: ಗೊತ್ತಾಗುತ್ತೆ. ಒಳ್ಳೇ ಮೈ, ಕಷ್ಟಪಟ್ಟು ಕಟ್ಟಿದೀಯ. ಆದ್ರೆ ಒಂದು ಕೇಳ್ತೀನಿ, ಯೋಚನೆ ಮಾಡಿ ಹೇಳು. ನಿನ್ನ ಹತ್ರ ಯಾರು ಬರ್ತಾರೆ ಅಂದ್ಕೊಂಡಿದೀಯ?

ಹುಡುಗ: ನನ್ನ ವಯಸ್ಸಿನೋರು. ಎದೆ, ತೋಳು ಬರಬೇಕು ಅನ್ನೋರು.

ಅಕ್ಕ: ಅವರು ಜಿಮ್ಮಿಗೆ ಬರ್ತಾರೆ, ಟ್ರೈನರ್‌ಗೆ ಅಂತ ಬೇರೆ ದುಡ್ಡು ಕೊಡೋದು ಕಡಿಮೆ. ಮೊಬೈಲಲ್ಲಿ ನೋಡ್ತಾರೆ, ಪಕ್ಕದೋನನ್ನ ಕೇಳ್ತಾರೆ, ಹೇಗೋ ಮಾಡ್ಕೋತಾರೆ. ತಿಂಗಳು ತಿಂಗಳು ಎಣಿಸಿ ಕೊಟ್ಟು ಒಬ್ಬರನ್ನ ಗೊತ್ತುಮಾಡಿಕೊಳ್ಳೋ ಜನ ಬೇರೆ ಇದಾರೆ. ನನ್ನ ಇವತ್ತಿನ ಬೆಳಿಗ್ಗೆ ಹೇಗಿತ್ತು ಕೇಳು. ಮೊದಲನೆಯವರು ಸರಸ್ವತೀಪುರಂನೋರು, ಬ್ಯಾಂಕಿಂದ ರಿಟೈರ್ ಆದವರು. ಶುಗರ್ ಇದೆ, ಬಿ.ಪಿ. ಇದೆ, ಎಡ ಭುಜ ಮೇಲಕ್ಕೆ ಏಳಲ್ಲ. ಎರಡನೆಯವಳಿಗೆ ಎರಡನೇ ಸಿಸೇರಿಯನ್ ಆಗಿ ಇನ್ನೂ ವರ್ಷ ತುಂಬಿಲ್ಲ, ಮಗು ಎತ್ತಿಕೊಂಡರೆ ಸೊಂಟ ಹಿಡ್ಕೊಳ್ಳುತ್ತೆ. ಮೂರನೆಯವರು ಅರವತ್ತೆಂಟರ ಅಜ್ಜಿ. ಅವರಿಗೆ ತೂಕ ಇಳಿಸೋದೂ ಬೇಡ, ಮತ್ತೊಂದೂ ಬೇಡ. ‘ದೇವರ ಮುಂದೆ ನೆಲದ ಮೇಲೆ ಕೂತು ಪೂಜೆ ಮಾಡಿ, ಯಾರ ಕೈನೂ ಹಿಡೀದೆ ಎದ್ದೇಳಬೇಕು, ಅಷ್ಟು ಮಾಡಿಕೊಡಮ್ಮ’ ಅಂದ್ರು. ಈ ಮೂರು ಜನದಲ್ಲಿ ಯಾರಿಗೂ ನನ್ನ ತೋಳು ಎಷ್ಟು ದಪ್ಪ ಅನ್ನೋದು ಲೆಕ್ಕಕ್ಕಿಲ್ಲ.

ಹುಡುಗ: ಇಂಥವರು ಫಿಸಿಯೋಥೆರಪಿಸ್ಟ್ ಹತ್ರ ಹೋಗಬೇಕಲ್ವಾ?

ಅಕ್ಕ: ನೋವು ಇದ್ದಾಗ ಹೋಗ್ಲೇಬೇಕು, ನಾನೇ ಕಳಿಸ್ತೀನಿ. ಆ ಭುಜಕ್ಕೆ ಫಿಸಿಯೋ ನೋಡಿದಮೇಲೇ ನಾನು ಕೈ ಹಾಕಿದ್ದು. ಆದ್ರೆ ಫಿಸಿಯೋ ಹತ್ರ ಎರಡು ವಾರ, ಮೂರು ವಾರ ಹೋಗ್ತಾರೆ. ಆಮೇಲೆ ವರ್ಷಗಟ್ಟಲೆ ಯಾರು ಜೊತೆ ಇರ್ತಾರೆ? ಅದು ನಮ್ಮ ಜಾಗ. ಐ.ಸಿ.ಎಂ.ಆರ್. ಸಮೀಕ್ಷೆ 2023ರಲ್ಲಿ ಹೊರಗೆ ಬಂತು, ದೇಶದಲ್ಲಿ 10 ಕೋಟಿಗಿಂತ ಹೆಚ್ಚು ಜನಕ್ಕೆ ಮಧುಮೇಹ ಅಂತ. ಅಷ್ಟೂ ಜನಕ್ಕೆ ಡಾಕ್ಟರು ಒಂದೇ ಮಾತು ಹೇಳಿ ಕಳಿಸ್ತಾರೆ: ‘ವ್ಯಾಯಾಮ ಮಾಡಿ.’ ಯಾವ ವ್ಯಾಯಾಮ, ಎಷ್ಟು, ಮಂಡಿ ನೋವಿದ್ದರೆ ಹೇಗೆ, ಅದನ್ನ ಕೂರಿಸಿಕೊಂಡು ಹೇಳೋಕೆ ಆಸ್ಪತ್ರೇಲಿ ಯಾರಿಗೆ ಪುರುಸೊತ್ತಿದೆ? ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಬೆಳಿಗ್ಗೆ ಎಷ್ಟೊಂದು ಜನ ನಡೀತಾರೆ, ನೋಡಿದೀಯಲ್ಲ. ಅವರಲ್ಲಿ ಕೈಗೆ ಒಂದು ಕೆ.ಜಿ. ತೂಕ ತಗೊಂಡು ಏನಾದ್ರೂ ಮಾಡೋರು ಎಷ್ಟು ಮಂದಿ? ವಾರಕ್ಕೆ 150 ನಿಮಿಷ ಚುರುಕಾಗಿ ನಡೆದರೆ ಸಾಲದು, ಎರಡು ದಿನವಾದ್ರೂ ಮಾಂಸಖಂಡಕ್ಕೆ ಕೆಲಸ ಕೊಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಅರವತ್ತೈದು ದಾಟಿದವರು ವಾರಕ್ಕೆ ಮೂರು ದಿನ ಮೈ ಸಮತೋಲದ ಅಭ್ಯಾಸಾನೂ ಮಾಡಬೇಕು. ಅದನ್ನ ಹೇಳಿಕೊಡೋ ಕೈ ಈ ಊರಲ್ಲಿ ತೀರಾ ಕಮ್ಮಿ.

ಹುಡುಗ: ಹಾಗಾದ್ರೆ ಗರಡೀಲಿ ಕಲಿತಿದ್ದೆಲ್ಲ ದಂಡ ಅಂತೀರಾ?

ಅಕ್ಕ: ಹಾಗನ್ನಬೇಡ. ಕತ್ತಲಿರೋವಾಗಲೇ ಎದ್ದು ಹೋಗಿ ಮಟ್ಟಿ ಅಗೆದು ಹದ ಮಾಡಿದೀಯಲ್ಲ, ಆ ಶಿಸ್ತು ಯಾವ ಕೋರ್ಸಲ್ಲೂ ಸಿಗಲ್ಲ. ಎದುರಾಳಿ ತೂಕ ಯಾವ ಕಾಲಿಗೆ ಬಿತ್ತು ಅಂತ ನಿನಗೆ ಕಣ್ಣಿಗಿಂತ ಮೊದಲು ಕೈಗೆ ಗೊತ್ತಾಗುತ್ತೆ. ಮುದ್ದೆ ಕಟ್ಟೋರಿಗೆ ಹಿಟ್ಟಿನ ಹದ ಗೊತ್ತಾದ ಹಾಗೆ. ಅದು ದೊಡ್ಡ ಆಸ್ತಿ, ಇಟ್ಕೋ. ಆದ್ರೆ ಗರಡಿಗೆ ಒಂದು ರೀತಿ ಇದೆ. ಉಸ್ತಾದ್ ಹೇಳಿದಷ್ಟು ದಂಡ, ಹೇಳಿದಷ್ಟು ಬಸ್ಕಿ ಎಲ್ಲರೂ ಹೊಡೀಬೇಕು. ತಡೆಯಲಾರದೋನು ನಾಲ್ಕು ದಿನಕ್ಕೆ ಬಿಟ್ಟು ಹೋಗ್ತಾನೆ, ಉಳಿದೋನು ಪೈಲ್ವಾನ್ ಆಗ್ತಾನೆ. ಹೋದೋನ ಬಗ್ಗೆ ಗರಡಿ ತಲೆ ಕೆಡಿಸಿಕೊಳ್ಳಲ್ಲ. ನಾಡಕುಸ್ತಿಗೆ ಅದೇ ಸರಿ, ಗಟ್ಟಿ ಇರೋರನ್ನ ಆರಿಸಬೇಕು ತಾನೆ. ನಮ್ಮ ಕೆಲಸದಲ್ಲಿ ಆ ಬಿಟ್ಟು ಹೋಗೋನು ಇದಾನಲ್ಲ, ನಮ್ಮ ಗಿರಾಕಿ ಅವನೇ. ಅವನು ಯಾಕೆ ಬಿಟ್ಟ ಅಂತ ಹುಡುಕೋಕೇ ನಮಗೆ ದುಡ್ಡು ಕೊಡೋದು.

ಹುಡುಗ: ಒಬ್ಬೊಬ್ಬರಿಗೆ ಒಂದೊಂದು ಥರ ಹೇಳಿಕೊಡೋದು ಈಗಿನ ಜಿಮ್ಮಿಂದ ಬಂದಿದ್ದು ಅಂದ್ಕೊಂಡಿದ್ದೆ.

ಅಕ್ಕ: ನಮ್ಮೂರಲ್ಲೇ ಇತ್ತು ಕಣೋ. ಗೋಕುಲಂ ಕಡೆ ಬೆಳಿಗ್ಗೆ ವಿದೇಶದೋರು ಮ್ಯಾಟ್ ಸುತ್ತಿಕೊಂಡು ನಡೀತಿರ್ತಾರಲ್ಲ, ಯಾರನ್ನಾದ್ರೂ ಕೇಳು, ‘ಮೈಸೂರು ಸ್ಟೈಲ್’ ಅಂತಾರೆ. ಒಂದೇ ಹಾಲಲ್ಲಿ ಇಪ್ಪತ್ತು ಜನ ಇದ್ರೂ ಒಬ್ಬೊಬ್ಬರು ತಮ್ಮ ತಮ್ಮ ಪಾಠ, ತಮ್ಮ ತಮ್ಮ ಉಸಿರಿನ ವೇಗದಲ್ಲಿ ಮಾಡ್ತಿರ್ತಾರೆ. ಗುರು ಒಬ್ಬೊಬ್ಬರ ಹತ್ರ ಬಂದು ಅವರಿಗೆ ಬೇಕಾದ್ದಷ್ಟೇ ಹೇಳಿ ಮುಂದಕ್ಕೆ ಹೋಗ್ತಾರೆ. ಮುಂದಿನ ಆಸನ ಯಾವಾಗ ಅನ್ನೋದು ಅವರವರ ಮೈ ನೋಡಿ ತೀರ್ಮಾನ ಆಗುತ್ತೆ. ಪಟ್ಟಾಭಿ ಜೋಯಿಸರು 1948ರಲ್ಲಿ ಲಕ್ಷ್ಮೀಪುರಂನಲ್ಲಿ ಯೋಗಶಾಲೆ ಶುರುಮಾಡಿದ್ರು. ಅವರ ಗುರು ಕೃಷ್ಣಮಾಚಾರ್ಯರು ಅದಕ್ಕೂ ಮುಂಚೆ, 1930ರ ದಶಕದಲ್ಲಿ, ಮಹಾರಾಜರ ಆಶ್ರಯದಲ್ಲಿ ಜಗನ್ಮೋಹನ ಅರಮನೇಲಿ ಕಲಿಸ್ತಿದ್ರು. ಇನ್ನು ಬೆಂಗಳೂರಲ್ಲಿ ಕೆ. ವಿ. ಅಯ್ಯರ್ ಇದ್ರು. ಹೆಸರು ಕೇಳಿದೀಯಾ?

ಹುಡುಗ: ‘ಶಾಂತಲಾ’ ಬರೆದವರಾ?

ಅಕ್ಕ: ಅವರೇ. 1897ರಲ್ಲಿ ಹುಟ್ಟಿದೋರು, 1980ರವರೆಗೆ ಬದುಕಿದ್ರು. ‘ರೂಪದರ್ಶಿ’, ‘ಶಾಂತಲಾ’ ಓದಿದ ಎಷ್ಟೋ ಜನಕ್ಕೆ ಅವರು ದೇಹದಾರ್ಢ್ಯದ ಮೇಷ್ಟ್ರು ಅನ್ನೋದೇ ಗೊತ್ತಿಲ್ಲ. ಹರ್ಕ್ಯುಲಿಸ್ ಜಿಮ್ನೇಷಿಯಂ ನಡೆಸಿದ್ರು, ಯೋಗಾಸನಾನೂ ತೂಕ ಎತ್ತೋದನ್ನೂ ಜೊತೆಗೆ ಸೇರಿಸಿ ಕಲಿಸಿದ್ರು, ಊರಿಗೆ ಬರೋಕಾಗದೋರಿಗೆ ಅಂಚೇಲಿ ಪಾಠ ಕಳಿಸಿದ್ರು. ಕಾದಂಬರಿಕಾರನ ಕಣ್ಣು, ವ್ಯಾಯಾಮದ ಮೇಷ್ಟ್ರ ಕಣ್ಣು ಎರಡೂ ಒಬ್ಬರಲ್ಲೇ ಇದ್ದದ್ದು ನನಗೇನೂ ಆಶ್ಚರ್ಯ ಅನ್ನಿಸಲ್ಲ. ಎರಡಕ್ಕೂ ಎದುರಿಗಿರೋ ಮನುಷ್ಯ ಎಂಥವನು ಅನ್ನೋ ಕುತೂಹಲ ಬೇಕು. ಆ ಕುತೂಹಲ ನಿನಗಿದ್ರೆ ಈ ಕೆಲಸಕ್ಕೆ ಬಾ. ಇಲ್ಲದಿದ್ರೆ ಕುಸ್ತಿನೇ ಆಡು, ಅದೂ ಘನವಾದ ಕೆಲಸವೇ.

ಹುಡುಗ: ಇದೆ ಅಕ್ಕ. ಸರಿ, ಸರ್ಟಿಫಿಕೇಟಿಂದ ಶುರುಮಾಡೋಣ. ಯಾವುದು ಮಾಡಲಿ?

ಅಕ್ಕ: ಟ್ರೈನರ್ ಆಗೋಕೆ ನಮ್ಮಲ್ಲಿ ಸರ್ಕಾರದ ಲೈಸೆನ್ಸ್ ಅಂತ ಏನೂ ಬೇಕಿಲ್ಲ. ನಾಳೆ ಬೆಳಿಗ್ಗೆ ಟೀ ಶರ್ಟ್ ಮೇಲೆ ಹೆಸರು ಹಾಕಿಸಿಕೊಂಡ್ರೂ ಯಾರೂ ತಡೆಯಲ್ಲ. ಅದಕ್ಕೇ ನೀನು ಓದಲೇಬೇಕು. ಅಮೆರಿಕದ್ದು ಏಸ್, ನ್ಯಾಸಮ್, ಎ.ಸಿ.ಎಸ್.ಎಂ. ಇವಕ್ಕೆ ಬೆಂಗಳೂರಿನ ದೊಡ್ಡ ಜಿಮ್ಮುಗಳಲ್ಲಿ ಬೆಲೆ ಇದೆ, ಫೀಸೂ ಹಾಗೇ ಇದೆ, ಪರೀಕ್ಷೆ ಇಂಗ್ಲಿಷಲ್ಲಿ. ನಮ್ಮ ದೇಶದ ಕೌಶಲ ಮಂಡಳಿ ಕೊಡೋ ಫಿಟ್ನೆಸ್ ಟ್ರೈನರ್ ಸರ್ಟಿಫಿಕೇಟೂ ಇದೆ. ಪಟಿಯಾಲದ ಎನ್.ಐ.ಎಸ್. ಡಿಪ್ಲೊಮಾ ಕ್ರೀಡಾ ಕೋಚ್ ಆಗೋರಿಗೆ. ಕುಸ್ತಿ ಕೋಚ್ ಆಗಬೇಕಿದ್ರೆ ಅದನ್ನ ನೋಡು. ಯಾವುದನ್ನ ಮಾಡಿದ್ರೂ ಸೇರೋ ಮುಂಚೆ ಎರಡು ಕೇಳು. ನಿಜವಾದ ಮನುಷ್ಯರ ಮೇಲೆ ಅಭ್ಯಾಸ ಮಾಡಿಸ್ತಾರಾ? ಸಿ.ಪಿ.ಆರ್. ಕೈಯಾರೆ ಮಾಡಿಸಿ ಕಲಿಸ್ತಾರಾ? ವಾರಾಂತ್ಯದಲ್ಲಿ ಎರಡು ದಿನ ಕೂರಿಸಿ ಕಾಗದ ಕೊಡೋ ಕಡೆ ಹೋಗಬೇಡ.

ಹುಡುಗ: ಸಿ.ಪಿ.ಆರ್. ಅಂದಿರಲ್ಲ, ನಮ್ಮಮ್ಮ ಬೇಡ ಅನ್ನೋದೇ ಅದಕ್ಕೆ. ನಟ ಅಪ್ಪು ಹೋದಾಗಿಂದ ಜಿಮ್ ಅಂದ್ರೆ ಅವಳಿಗೆ ಭಯ.

ಅಕ್ಕ: 2021ರ ಅಕ್ಟೋಬರ್ 29. ಆ ದಿನ ಯಾರು ಮರೀತಾರೆ. 46 ವರ್ಷ ಅವರಿಗೆ. ಆಮೇಲೆ ಜಯದೇವ ಹೃದ್ರೋಗ ಆಸ್ಪತ್ರೆ ಮುಂದೆ ಎದೆ ತೋರಿಸಿಕೊಳ್ಳೋಕೆ ಜನ ಸಾಲು ನಿಂತ್ರು, ಜಿಮ್ಮಿಗೆ ಬರ್ತಿದ್ದ ಎಷ್ಟೋ ಜನ ನಿಲ್ಲಿಸಿಬಿಟ್ರು. ಅವರಿಗೆ ಹೀಗಾಗಿದ್ದು ಯಾಕೆ ಅಂತ ದೂರದಲ್ಲಿ ಕೂತು ಹೇಳೋ ಹಕ್ಕು ನನಗೂ ಇಲ್ಲ, ನಿನಗೂ ಇಲ್ಲ. ಅಮ್ಮನಿಗೆ ಗೊತ್ತಿರೋದನ್ನ ಹೇಳು. ದಿನಾ ಮೈ ಬಗ್ಗಿಸೋನ ಹೃದಯ ಒಟ್ಟಾರೆ ಹೆಚ್ಚು ಸುರಕ್ಷಿತ. ಆದ್ರೆ ವರ್ಷಗಟ್ಟಲೆ ಕೂತಿದ್ದೋನು ಒಂದು ದಿನ ಏಕಾಏಕಿ ಮೈ ಮುರಿಯೋ ಹಾಗೆ ಮಾಡಿದ್ರೆ ಆ ಹೊತ್ತಲ್ಲಿ ಅಪಾಯ ಜಾಸ್ತಿ. ಎರಡೂ ನಿಜ. ಮೊದಲನೆಯದನ್ನ ಕೊಡಬೇಕು, ಎರಡನೆಯದನ್ನ ತಡೀಬೇಕು. ಟ್ರೈನರ್ ಇರೋದೇ ಅದಕ್ಕೆ. ಎದೆ ಮೇಲೆ ಭಾರ ಇಟ್ಟ ಹಾಗೆ, ದವಡೆಗೋ ಎಡಗೈಗೋ ನೋವು, ತಣ್ಣನೆ ಬೆವರು, ಅವತ್ತು ಇದ್ದಕ್ಕಿದ್ದ ಹಾಗೆ ಏದುಸಿರು. ಇದರಲ್ಲಿ ಒಂದು ಕಂಡ್ರೂ ‘ಗ್ಯಾಸ್ಟ್ರಿಕ್ ಇರಬೇಕು, ಇನ್ನೊಂದು ಸೆಟ್ ಮಾಡಿ’ ಅನ್ನಬಾರದು. ನಿಲ್ಲಿಸು, ಕೂರಿಸು, 108ಕ್ಕೆ ಫೋನ್ ಮಾಡು. ಪ್ರಜ್ಞೆ ತಪ್ಪಿ ಉಸಿರಾಟ ಸರಿಯಾಗಿ ಇಲ್ಲ ಅಂದ್ರೆ ಎದೆ ಮಧ್ಯೆ ಎರಡೂ ಅಂಗೈ ಊರಿ ಒತ್ತು. ನಿಮಿಷಕ್ಕೆ 100ರಿಂದ 120 ಸಲ, 5 ಸೆಂಟಿಮೀಟರ್ ಆಳಕ್ಕೆ, ಆಂಬುಲೆನ್ಸ್ ಬರೋವರೆಗೂ. ಇದನ್ನ ವರ್ಷಕ್ಕೊಂದು ಸಲ ಬೊಂಬೆ ಮೇಲೆ ಮಾಡಿ ಕೈಗೆ ನೆನಪು ಮಾಡಿಸಬೇಕು. ಬರೀ ಓದಿಕೊಂಡಿದ್ರೆ ಆ ಗಾಬರೀಲಿ ಕೈ ಓಡಲ್ಲ.

ಹುಡುಗ: ಆ ಹಂತಕ್ಕೆ ಹೋಗದ ಹಾಗೆ ಮೊದಲೇ ತಿಳ್ಕೊಳ್ಳೋದು ಹೇಗೆ?

ಅಕ್ಕ: ಮೊದಲ ದಿನ ತೂಕ ಮುಟ್ಟಿಸಬೇಡ. ಒಂದು ನೋಟ್‌ಬುಕ್ ತಗೋ, ಎದುರಿಗೆ ಕೂತ್ಕೋ, ಕೇಳು. ಹೃದಯದ ತೊಂದರೆ ಇದೆಯಾ? ನಡೀವಾಗ ಎದೆ ನೋವು ಬಂದಿತ್ತಾ? ತಲೆ ಸುತ್ತಿ ಬಿದ್ದಿದ್ರಾ? ಮನೇಲಿ ಅಪ್ಪನೋ ಅಣ್ಣನೋ ಚಿಕ್ಕ ವಯಸ್ಸಲ್ಲಿ ಹೃದಯಾಘಾತದಿಂದ ಹೋಗಿದಾರಾ? ಯಾವುದಕ್ಕೆ ‘ಹೌದು’ ಬಂದ್ರೂ ಡಾಕ್ಟರ್ ಚೀಟಿ ಬರೋವರೆಗೆ ಕಾಯಿ. ಗಿರಾಕಿ ಕೈ ತಪ್ಪಿ ಹೋದ್ರೆ ಹೋಗಲಿ.

ಆಮೇಲೆ ಮಾತ್ರೆ. ಹೆಸರು ಕೇಳಬೇಡ, ಜನ ‘ಬಿಳೀ ಮಾತ್ರೆ’ ಅಂತಾರೆ. ಸ್ಟ್ರಿಪ್ಪೇ ತರಿಸಿ ನೋಡು. ಬರೀ ಮೆಟ್‌ಫಾರ್ಮಿನ್ ತಗೊಳ್ಳೋರಿಗೆ ವ್ಯಾಯಾಮ ಮಾಡ್ತಾ ಶುಗರ್ ಇಳಿಯೋದು ಅಪರೂಪ. ಗ್ಲಿಮೆಪಿರೈಡ್ ಇದ್ರೆ, ಇನ್ಸುಲಿನ್ ಇದ್ರೆ, ಅವರು ಖಾಲಿ ಹೊಟ್ಟೇಲಿ ಬಂದು ನಿಂತ್ರೆ, ನೀನು ಒಳ್ಳೇ ವ್ಯಾಯಾಮ ಅಂದ್ಕೊಂಡು ಮಾಡಿಸ್ತಿರೋದೇ ಅವರನ್ನ ಬೀಳಿಸುತ್ತೆ. ಕೈ ನಡುಕ, ಬೆವರು, ಮಾತು ತೊದಲೋದು, ಸುಮ್ಸುಮ್ನೆ ಸಿಡುಕೋದು. ಮೀಟರ್ 70ಕ್ಕಿಂತ ಕೆಳಗೆ ತೋರಿಸಿದ್ರೆ ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕೊಡು, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡು. ನನ್ನ ಬ್ಯಾಗಲ್ಲಿ ಗ್ಲೂಕೋಸ್ ಪ್ಯಾಕೆಟ್ ಯಾವತ್ತೂ ಇರುತ್ತೆ.

ಬಿ.ಪಿ.ಗೆ ಅಂತ ಮೆಟೊಪ್ರೊಲಾಲ್, ಅಟೆನೊಲಾಲ್ ತಗೊಳ್ಳೋರಿದಾರೆ. ಅವರ ನಾಡಿ ಎಷ್ಟೇ ಮಾಡಿದ್ರೂ ಅಷ್ಟಾಗಿ ಏರಲ್ಲ, ಮಾತ್ರೆನೇ ಹಿಡಿದಿಟ್ಟಿರುತ್ತೆ. ವಾಚ್ ನೋಡಿ ‘ಇನ್ನೂ ಹಾರ್ಟ್ ರೇಟ್ ಬಂದಿಲ್ಲ, ಜೋರಾಗಿ’ ಅಂತ ಅವರನ್ನ ಓಡಿಸಬಾರದು. ಅವರ ಜೊತೆ ಮಾತಾಡ್ತಾ ಇರು. ಪೂರ್ತಿ ವಾಕ್ಯ ಹೇಳೋಕಾಗ್ತಿದ್ರೆ ಸರಿ, ಎರಡೆರಡು ಪದಕ್ಕೆ ಉಸಿರು ಕಟ್ಟಿದ್ರೆ ಇಳಿಸು. ಶುಗರ್ ಬಹಳ ವರ್ಷದಿಂದ ಇರೋರನ್ನ ಕಣ್ಣು ಪರೀಕ್ಷೆ ಯಾವಾಗ ಮಾಡಿಸಿದ್ರಿ ಅಂತ ಕೇಳು. ಕಣ್ಣಿನ ಹಿಂದಿನ ಪರದೇಲಿ ರಕ್ತನಾಳ ಹಾಳಾಗಿದ್ರೆ, ಉಸಿರು ಬಿಗಿಹಿಡಿದು ಭಾರ ಎತ್ತಿಸೋದು ಅಪಾಯ. ಶೂ ಬಿಚ್ಚಿಸಿ ಅಂಗಾಲು ನೋಡು. ಸ್ಪರ್ಶ ಕಳಕೊಂಡ ಕಾಲಿಗೆ ಗುಳ್ಳೆ ಎದ್ದಿದ್ದೂ ಗೊತ್ತಾಗಲ್ಲ.

ಹುಡುಗ: ಅಂಗಾಲು ನೋಡೋದಾ? ಜಿಮ್ಮಲ್ಲಿ ಯಾರೂ ನೋಡಿದ್ದು ಕಂಡಿಲ್ಲ.

ಅಕ್ಕ: ನೋಡಬೇಕು. ಕಾಲಿನ ಒಂದು ಹುಣ್ಣು ವಾಸಿಯಾಗದೆ ಬೆರಳು ತೆಗೆಸಿಕೊಂಡೋರ ಮನೆಗೆ ಹೋಗಿ ಬಾ, ಯಾಕೆ ಅಂತ ನಿನಗೇ ತಿಳಿಯುತ್ತೆ. ಇನ್ನೊಂದು, ಇದನ್ನ ಗಟ್ಟಿಯಾಗಿ ಇಟ್ಕೋ. ಅಂಗಾಲಿರಲಿ, ಭುಜವಿರಲಿ, ಕೇಳದೆ ಮುಟ್ಟಬೇಡ. ಗರಡೀಲಿ ಮೈಗೆ ಮೈ ತಾಗೋದೇ ಆಟ, ಅಲ್ಲಿ ಯಾರೂ ಕೇಳಲ್ಲ. ಇಲ್ಲಿ ನೀನು ಒಬ್ಬ ಹೆಂಗಸಿಗೆ ಸ್ಕ್ವಾಟ್ ಹೇಳಿಕೊಡೋವಾಗ ಮೊದಲು ನಿನ್ನ ಮೈ ಮೇಲೆ ತೋರಿಸು, ಆಮೇಲೆ ಬಾಯಲ್ಲಿ ಹೇಳು, ಅವರ ಹಿಂದೆ ಒಂದು ಸ್ಟೂಲ್ ಇಟ್ಟು ‘ಇದಕ್ಕೆ ತಾಗೋವರೆಗೆ ಇಳೀರಿ’ ಅನ್ನು. ಅಷ್ಟರಲ್ಲಿ ಮುಕ್ಕಾಲು ಪಾಲು ಸರಿಹೋಗುತ್ತೆ. ಮುಟ್ಟಲೇಬೇಕಾದ್ರೆ ‘ಬೆನ್ನ ಮೇಲೆ ಕೈ ಇಡಲಾ?’ ಅಂತ ಕೇಳು, ಅವರು ಹೂಂ ಅಂದಮೇಲೆ ಇಡು. ಎಷ್ಟೋ ಹೆಂಗಸರು ಮುಜುಗರ ಹೇಳಿಕೊಳ್ಳೋಕಾಗದೆ ಸುಮ್ಮನೆ ಜಿಮ್ ಬಿಡ್ತಾರೆ. ಮನೆಯವರು ‘ಸೋಮಾರಿ’ ಅಂತಾರೆ. ನನಗೆ ಇದು ಬಹಳ ಹೊಟ್ಟೆ ಉರಿಸೋ ವಿಷಯ ಕಣೋ.

ಹುಡುಗ: ಸರಿ ಅಕ್ಕ. ಪ್ರಶ್ನೆ ಕೇಳಿ ಆಯ್ತು, ಚೀಟಿ ಬಂತು. ಆಮೇಲೆ?

ಅಕ್ಕ: ಅಳತೆ. ತೂಕದ ಮೆಷಿನ್ ಒಂದನ್ನೇ ನಂಬಬೇಡ. ಆ ಅಜ್ಜಿ ವಿಷಯ ಹೇಳಿದೆನಲ್ಲ. ಅವರಿಗೆ ಕುರ್ಚಿ ಪರೀಕ್ಷೆ ಮಾಡಿದೆ. ಗೋಡೆಗೆ ಆನಿಸಿದ ಕುರ್ಚಿ, ಕೈ ಎರಡೂ ಎದೆ ಮೇಲೆ ಕಟ್ಟಿ, 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರ್ತಾರೆ ಅಂತ ಎಣಿಸೋದು. ಅರವತ್ತೈದರಿಂದ ಅರವತ್ತೊಂಬತ್ತರ ಹೆಂಗಸರಿಗೆ 11ಕ್ಕಿಂತ ಕಡಿಮೆ ಬಂದ್ರೆ ಕಾಲಲ್ಲಿ ಬಲ ಸಾಲದು, ಬೀಳೋ ಸಂಭವ ಹೆಚ್ಚು ಅಂತ ಲೆಕ್ಕ. ಅಜ್ಜಿ ಏಳಕ್ಕೇ ಸಾಕು ಅಂದ್ರು. ಅಲ್ಲಿಂದ ಶುರು. ಎತ್ತರದ ಕುರ್ಚಿ, ಆಮೇಲೆ ಊಟದ ಕುರ್ಚಿ, ಆಮೇಲೆ ದಿವಾನ, ಆಮೇಲೆ ಮೆಟ್ಟಿಲು, ಆಮೇಲೆ ಮಣೆ. ಮಧ್ಯೆ ಒಂದು ತಿಂಗಳು ಮಗಳ ಮನೆಗೆ ಹೋಗಿ ಬಂದ್ರು, ಎರಡು ಹೆಜ್ಜೆ ಹಿಂದಕ್ಕೆ ಬಂದು ಮತ್ತೆ ಶುರುಮಾಡಿದ್ವಿ. ಈಗ ಮಣೆ ಮೇಲಿಂದ ಏಳ್ತಾರೆ, ನೆಲಕ್ಕೆ ಇನ್ನೂ ಹೋಗಿಲ್ಲ. ಜಿಮ್ಮಲ್ಲಿ ಬಾರ್‌ಗೆ ಎರಡೂವರೆ ಕೆ.ಜಿ. ಪ್ಲೇಟು ಸೇರಿಸ್ತೀಯಲ್ಲ, ಇಲ್ಲಿ ಕುರ್ಚಿ ನಾಲ್ಕು ಬೆರಳು ಇಳಿಸ್ತೀಯ. ಮೈಗೆ ಅಭ್ಯಾಸ ಇರೋದಕ್ಕಿಂತ ಸ್ವಲ್ಪ ಹೆಚ್ಚು ಕೇಳೋದು, ಕೇಳಿದಮೇಲೆ ಸುಧಾರಿಸಿಕೊಳ್ಳೋಕೆ ಬಿಡೋದು. ತತ್ತ್ವ ಇಷ್ಟೇ, ಇಪ್ಪತ್ತರ ಹುಡುಗನಿಗೂ ಎಪ್ಪತ್ತರ ಮುದುಕರಿಗೂ.

ಹುಡುಗ: ಬೇಗ ಫಲ ಕಾಣಿಸದೆ ಇದ್ರೆ ಬಿಟ್ಟು ಹೋಗಲ್ವಾ? ಮೊದಲ ದಿನವೇ ಬೆವರಿಳಿಸಿ ಕಳಿಸಿದ್ರೆ ‘ಏನೋ ಮಾಡಿಸಿದ್ರಪ್ಪ’ ಅನ್ಸುತ್ತೆ.

ಅಕ್ಕ: ಅನ್ಸುತ್ತೆ, ಮಾರನೇ ದಿನ ಟಾಯ್ಲೆಟ್ ಮೇಲಿಂದ ಏಳೋಕಾಗಲ್ಲ, ಮೂರನೇ ದಿನ ಬರಲ್ಲ. ಹೊಸಬರಿಗೆ ಅತಿಯಾಗಿ ಮಾಡಿಸಿದ್ರೆ ಮಾಂಸಖಂಡ ಒಡೆದು ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೇ ಹೊಡೆತ ಬೀಳೋದುಂಟು. ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದ್ರೆ ತಕ್ಷಣ ಆಸ್ಪತ್ರೆಗೆ ಓಡಬೇಕು. ನೋವು ಕೊಟ್ಟು ಹೆಸರು ಮಾಡೋ ಟ್ರೈನರುಗಳನ್ನ ನಾನು ಗೌರವಿಸಲ್ಲ. ಮೊದಲ ವಾರ ‘ಇಷ್ಟೇನಾ?’ ಅಂದ್ಕೊಂಡು ಹೋಗಬೇಕು. ಹಾಗೆ ಹೋದೋರು ಮತ್ತೆ ಬರ್ತಾರೆ.

ಹುಡುಗ: ಊಟದ ಚಾರ್ಟ್ ಕೇಳ್ತಾರಲ್ಲ? ಪ್ರೋಟೀನ್ ಪೌಡರ್?

ಅಕ್ಕ: ನಾವು ಡಯಟಿಷಿಯನ್ ಅಲ್ಲ. ಮೂತ್ರಪಿಂಡದ ತೊಂದರೆ ಇರೋರಿಗೆ, ಬಸುರಿಯರಿಗೆ, ಇನ್ಸುಲಿನ್ ತಗೊಳ್ಳೋರಿಗೆ ನೀನು ಚಾರ್ಟ್ ಬರೆಯಲೇಬಾರದು, ಓದಿದೋರ ಹತ್ರ ಕಳಿಸು. ಆರೋಗ್ಯವಾಗಿರೋರಿಗೆ ಊಟದ ಬಗ್ಗೆ ನಾಲ್ಕು ಮಾತು ಹೇಳಬಹುದು. ನಮ್ಮ ದೇಶದ ಪೋಷಣಾ ಸಂಸ್ಥೆ ಲೆಕ್ಕದಲ್ಲಿ ಮೈತೂಕದ ಕೆ.ಜಿ.ಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್. ಅರವತ್ತು ಕೆ.ಜಿ. ಇದ್ದರೆ ಸುಮಾರು 50 ಗ್ರಾಂ. ಭಾರ ಎತ್ತೋ ನಿನ್ನಂಥೋರಿಗೆ ಸ್ವಲ್ಪ ಹೆಚ್ಚು. ನಮ್ಮ ಮನೆಗಳಲ್ಲಿ ಅನ್ನ, ಮುದ್ದೆ ಧಾರಾಳ, ಸಾರಲ್ಲಿ ಬೇಳೆ ಹುಡುಕಬೇಕು. ತಿಳಿಸಾರಿನ ಬದಲು ಗಟ್ಟಿ ಹುಳಿ, ವಾರಕ್ಕೆ ಎರಡು ದಿನ ಹುರುಳಿ ಬಸ್ಸಾರು ಮಾಡಿ ಆ ಕಾಳನ್ನ ಪಲ್ಯ ಮಾಡಿ ತಿನ್ನೋದು, ಮೊಟ್ಟೆ ತಿನ್ನೋರಾದ್ರೆ ಮೊಟ್ಟೆ, ಒಂದು ಲೋಟ ಮಜ್ಜಿಗೆ ಬದಲು ಒಂದು ಬಟ್ಟಲು ಮೊಸರು. ಯಾರು ಅಡಿಗೆ ಮಾಡ್ತಾರೋ ಅವರ ಜೊತೆ ಮಾತಾಡು. ತಿನ್ನೋನ ಹತ್ರ ಮಾತಾಡಿದ್ರೆ ಕೆಲಸ ಆಗಲ್ಲ. 2024ರಲ್ಲಿ ಅದೇ ಸಂಸ್ಥೆ ಮೈ ಬೆಳೆಸೋಕೆ ಅಂತ ಪ್ರೋಟೀನ್ ಪೌಡರ್ ಬೇಡ ಅಂತಲೂ ಹೇಳಿದೆ. ಡಬ್ಬ ಮಾರಿದ್ರೆ ಟ್ರೈನರ್‌ಗೆ ಕಮಿಷನ್ ಕೊಡೋ ಪದ್ಧತಿ ಇದೆ. ತಗೋಬೇಡ. ತಗೊಂಡ ದಿನದಿಂದ ನಿನ್ನ ಮಾತು ಯಾರ ಪರ ಅಂತ ನಿನಗೇ ಗೊತ್ತಾಗಲ್ಲ.

ಹುಡುಗ: ಇಂಜೆಕ್ಷನ್ ಮಾತೂ ಬರುತ್ತೆ ಅಕ್ಕ. ನನ್ನ ಜೊತೆಯೋರೇ ಇಬ್ಬರು ಶುರುಮಾಡಿದಾರೆ.

ಅಕ್ಕ: ಅವರನ್ನ ಡಾಕ್ಟರ ಹತ್ರ ಕರ್ಕೊಂಡು ಹೋಗು, ಬೈಯಬೇಡ, ಬೈದ್ರೆ ಮುಚ್ಚಿಟ್ಟು ಮಾಡ್ತಾರೆ. ಹೊರಗಿಂದ ಟೆಸ್ಟೋಸ್ಟೆರಾನ್ ಚುಚ್ಚಿಕೊಂಡ್ರೆ ಮೈ ತಾನೇ ತಯಾರಿಸೋದನ್ನ ನಿಲ್ಲಿಸುತ್ತೆ, ವೃಷಣ ಕುಗ್ಗುತ್ತೆ, ವೀರ್ಯಾಣು ಕಮ್ಮಿ ಆಗುತ್ತೆ, ಹೃದಯದ ಗೋಡೆ ದಪ್ಪ ಆಗುತ್ತೆ. ಇಪ್ಪತ್ತೆರಡರ ಹುಡುಗನಿಗೆ ಮುಂದೆ ಮಕ್ಕಳಾಗೋದು ಕಷ್ಟ ಆಗಬಹುದು ಅಂತ ಯಾರು ಕೂರಿಸಿ ಹೇಳಿದಾರೆ? ಆರು ವಾರದಲ್ಲಿ ಬಂದ ತೋಳನ್ನ ಮಾತ್ರ ತೋರಿಸ್ತಾರೆ. ನಿನ್ನ ಕೈಯಿಂದ, ನಿನ್ನ ಪರಿಚಯದಿಂದ ಒಂದು ಸಿರಿಂಜೂ ಯಾರಿಗೂ ಹೋಗಬಾರದು. ಈ ವಿಷಯದಲ್ಲಿ ಸಡಿಲ ಮಾತೇ ಇಲ್ಲ.

ಹುಡುಗ: ಇಲ್ಲ ಅಕ್ಕ, ಖಂಡಿತ ಇಲ್ಲ. ಇನ್ನು ದುಡ್ಡಿನ ಮಾತು. ಬೆಂಗಳೂರಿಗೆ ಹೋಗಲಾ, ಇಲ್ಲೇ ಇರಲಾ?

ಅಕ್ಕ: ಒಂದು ವರ್ಷ ಯಾವುದಾದ್ರೂ ಜಿಮ್ಮಲ್ಲಿ ಫ್ಲೋರ್ ಟ್ರೈನರ್ ಆಗಿರು, ಯಾವ ಊರಾದ್ರೂ ಸರಿ. ಸಂಬಳ ಆಡಿಟರ್ ಆಫೀಸಿಗಿಂತ ಹೆಚ್ಚಿರಲ್ಲ. ಆದ್ರೆ ದಿನಕ್ಕೆ ಐವತ್ತು ಥರದ ಮೈ ಕಣ್ಣ ಮುಂದೆ ಹಾದು ಹೋಗುತ್ತೆ, ಆ ಅನುಭವಕ್ಕೆ ಹೋಗು. ಅಲ್ಲಿ ನಿನಗೆ ಸಿಕ್ಕ ಕ್ಲೈಂಟಿನ ಫೀಸಲ್ಲಿ ಜಿಮ್ಮು ದೊಡ್ಡ ಪಾಲು ಇಟ್ಕೊಳ್ಳುತ್ತೆ, ಸೇರೋ ಮುಂಚೆ ಕಾಗದದ ಮೇಲೆ ಬರೆಸಿಕೋ. ಎಷ್ಟೋ ಕಡೆ ನೌಕರ ಅಂತ ತೋರಿಸದೆ 10 ಪರ್ಸೆಂಟ್ ಟಿ.ಡಿ.ಎಸ್. ಹಿಡಿದು ಕೊಡ್ತಾರೆ. ಪಿ.ಎಫ್. ಇಲ್ಲ, ಇ.ಎಸ್.ಐ. ಇಲ್ಲ. ನಿನ್ನ ಆರೋಗ್ಯ ವಿಮೆ ನೀನೇ ಮಾಡಿಸಬೇಕು. ನಮ್ಮ ಕೆಲಸದಲ್ಲಿ ಕಾಲು ಉಳುಕಿದ್ರೆ ಆ ತಿಂಗಳ ಆದಾಯವೇ ಹೋಯ್ತು. ರಿಟರ್ನ್ ಹಾಕಿದ್ರೆ ಹಿಡಿದ ದುಡ್ಡು ವಾಪಸ್ ಬರುತ್ತೆ, ಅದು ಬಿ.ಕಾಂ. ಓದಿದ ನಿನಗೆ ನಾನು ಹೇಳಬೇಕಾಗಿಲ್ಲ.

ಹುಡುಗ: ಮನೆಗಳಿಗೆ ಹೋಗಿ ಮಾಡಿಸಿದ್ರೆ?

ಅಕ್ಕ: ನೀನೇ ಲೆಕ್ಕ ಹಾಕು. ಒಂದು ಸೆಷನ್ನಿಗೆ ಐನೂರು ಅಂತ ಇಟ್ಕೋ, ತಿಂಗಳಿಗೆ ಹನ್ನೆರಡು ಸೆಷನ್, ಆರು ಜನ.

ಹುಡುಗ: ಮೂವತ್ತಾರು ಸಾವಿರ.

ಅಕ್ಕ: ಕಾಗದದ ಮೇಲೆ. ಅದರಲ್ಲಿ ಪೆಟ್ರೋಲ್ ಕಳಿ. ಬೇಸಿಗೆ ರಜಕ್ಕೆ ಊರಿಗೆ ಹೋಗೋರು, ಮದುವೆ ಸೀಸನ್, ದಸರಾಕ್ಕೆ ನೆಂಟರು, ಮಕ್ಕಳ ಪರೀಕ್ಷೆ, ಎಲ್ಲ ಕಳಿ. ಜನವರೀಲಿ ಫೋನ್ ಮೇಲೆ ಫೋನ್ ಬರುತ್ತೆ, ಮಾರ್ಚಿಗೆ ಅರ್ಧ ಜನ ಇರಲ್ಲ. ಅದಕ್ಕೆ ದುಡ್ಡು ಮುಂಗಡ, ಹನ್ನೆರಡು ಸೆಷನ್ನಿನ ಪ್ಯಾಕೇಜು, ಹಿಂದಿನ ದಿನ ಹೇಳದೆ ತಪ್ಪಿಸಿದ್ರೆ ಆ ಸೆಷನ್ ಲೆಕ್ಕಕ್ಕೆ ಬರುತ್ತೆ ಅಂತ ಮೊದಲೇ ನಗುನಗ್ತಾ ಹೇಳಿಬಿಡು. ಪರಿಚಯದೋರು ಅಂತ ಸಂಕೋಚ ಪಟ್ರೆ ವರ್ಷದೊಳಗೆ ಈ ಕೆಲಸ ಬಿಡ್ತೀಯ. ಜಿ.ಎಸ್.ಟಿ. ಚಿಂತೆ ಈಗ ಬೇಡ, ವರ್ಷಕ್ಕೆ 20 ಲಕ್ಷ ದಾಟೋವರೆಗೆ ನಿನಗೆ ನೋಂದಣಿ ಬೇಕಿಲ್ಲ. ಇನ್ನು ನಿದ್ದೆ. ಬೆಳಿಗ್ಗೆ ಐದಕ್ಕೆ ಏಳಬೇಕು, ರಾತ್ರಿ ಒಂಬತ್ತೂವರೆಗೆ ಮನೆ ಸೇರ್ತೀಯ, ಮಧ್ಯಾಹ್ನ ಇಡೀ ಖಾಲಿ. ಆ ಖಾಲಿ ಹೊತ್ತಲ್ಲಿ ಮಲಗೋದು, ಓದೋದು, ನಿನ್ನ ಸ್ವಂತ ಸಾಮು ಮಾಡೋದು ಈ ಮೂರಕ್ಕೂ ಜಾಗ ಮಾಡು. ಸ್ನೇಹಿತರ ಜೊತೆ ಸಂಜೆ ಅನ್ನೋದು ಇನ್ನು ಇರಲ್ಲ. ಮದುವೆ ಆಗೋವಾಗ ಹುಡುಗಿಗೆ ಮೊದಲೇ ಹೇಳಿಬಿಡು, ಇದನ್ನ ನಿಜವಾಗಿ ಹೇಳ್ತಿದೀನಿ.

ಹುಡುಗ: ಚೆನ್ನಾಗಿ ಕಲಿಸಿಬಿಟ್ರೆ ಅವರೇ ಮಾಡ್ಕೋತಾರೆ, ನನ್ನ ಬಿಡ್ತಾರೆ ಅನ್ನೋ ಯೋಚನೆ ಬರಲ್ವಾ ನಿಮಗೆ?

ಅಕ್ಕ: ಕೆಲವರು ಬಿಡ್ತಾರೆ. ಬಿಡಲಿ, ಅದಕ್ಕೇ ತಾನೆ ಕಲಿಸಿದ್ದು. ಮುಂದಿನ ಸಾಲು ಅವರ ಬಾಯಿಂದಲೇ ಬರುತ್ತೆ, ತಂಗಿನೋ ಭಾವಮೈದುನನ್ನೋ ಕಳಿಸ್ತಾರೆ. ನನಗೆ ಇವತ್ತಿನವರೆಗೆ ಬಂದ ಕೆಲಸ ಹೆಚ್ಚಿನದು ಹಾಗೇ ಬಂದಿದ್ದು. ಬೇಕು ಅಂತ ಅರ್ಧ ಕಲಿಸಿ ಹಿಡಿದಿಟ್ಟುಕೊಳ್ಳೋದು ಮೋಸ.

ಹುಡುಗ: ಮೊದಲನೇ ಕ್ಲೈಂಟ್ ಎಲ್ಲಿ ಹುಡುಕಲಿ?

ಅಕ್ಕ: ನಿನ್ನ ಗರಡೀಲೇ. ಕುಸ್ತಿ ಬಿಟ್ಟ ಹಳೇ ಪೈಲ್ವಾನರನ್ನ ಎಣಿಸು. ಸಾಮು ನಿಂತು ಯಾವ ಕಾಲ ಆಯ್ತೋ, ಊಟ ಮಾತ್ರ ಆಡೋ ಕಾಲದ್ದೇ. ಮಂಡಿ ಸವೆದಿರುತ್ತೆ, ಹೊಟ್ಟೆ ಬಂದಿರುತ್ತೆ, ಶುಗರ್ ಬಂದಿರುತ್ತೆ. ವ್ಯಾಯಾಮ ಅಂದ್ರೆ ಸಾವಿರ ಬಸ್ಕಿ ಅಂತಲೇ ಅವರ ಮನಸ್ಸಲ್ಲಿರೋದು. ಅದು ಆಗಲ್ಲ, ಆದ್ದರಿಂದ ಏನೂ ಮಾಡಲ್ಲ. ಅವರ ಭಾಷೆ ಗೊತ್ತಿರೋನು, ಅವರ ಮರ್ಯಾದೆ ಕಾಪಾಡಿ ಹತ್ತೇ ಬಸ್ಕಿಗೆ, ಅದೂ ಕುರ್ಚಿ ಹಿಡಿದು, ಒಪ್ಪಿಸಬಲ್ಲೋನು ಈ ಊರಲ್ಲಿ ನಿನ್ನಷ್ಟು ಯಾರೂ ಇಲ್ಲ. ನನ್ನ ಮಾತು ಅವರು ಕೇಳಲ್ಲ.

ಹುಡುಗ: ನಮ್ಮ ಉಸ್ತಾದೇ ಹಾಗಿದಾರೆ. ಶುಗರ್ ಬಹಳ ವರ್ಷದಿಂದ. ಈಗಲೂ ಮಟ್ಟಿ ಮೇಲೆ ಬರಿಗಾಲಲ್ಲೇ ನಿಲ್ತಾರೆ. ಮೊನ್ನೆ ಕಾಲಿಗೆ ಏನೋ ಚುಚ್ಚಿ ರಕ್ತ ಬಂದಿತ್ತು, ನಾನು ಹೇಳಿದಮೇಲೇ ಅವರಿಗೆ ಗೊತ್ತಾಗಿದ್ದು.

ಅಕ್ಕ: ಹೇಳಿದಮೇಲೇ ಗೊತ್ತಾಯ್ತಾ?

ಹುಡುಗ: ಹೂಂ. ನೋವೇ ಆಗಿಲ್ಲ ಅಂದ್ರು. ಗಟ್ಟಿ ಕಾಲು ಅಂತ ನಾವೆಲ್ಲ ನಕ್ವಿ.

ಅಕ್ಕ: ಕುರ್ಚಿ, ಬಸ್ಕಿ ಎಲ್ಲ ಆಮೇಲೆ. ಆ ಗಾಯ ಇವತ್ತೇ ಡಾಕ್ಟರು ನೋಡಬೇಕು. ಸ್ಪರ್ಶ ಎಷ್ಟು ಉಳಿದಿದೆ ಅಂತ ಪರೀಕ್ಷೆ ಮಾಡ್ತಾರೆ. ಬರಿಗಾಲು ಬೇಡ ಅಂತ ನೀನು ಹೇಳಿದ್ರೆ ಕೇಳ್ತಾರಾ?

ಹುಡುಗ: ನನ್ನ ಮಾತಿಗೆ ಚಪ್ಪಲಿ ಹಾಕಲ್ಲ, ಮಟ್ಟಿ ಅವರಿಗೆ ದೇವರು. ಡಾಕ್ಟರ ಬಾಯಲ್ಲಿ ಹೇಳಿಸ್ತೀನಿ. ಮಟ್ಟಿಯಿಂದ ಆಚೆ ಒಂದು ಬೆಂಚು ಹಾಕಿ, ಅಲ್ಲಿ ಶೂ ಹಾಕ್ಕೊಂಡು ಕೂತು ನಮಗೆ ಹೇಳಿಕೊಡಿ ಅಂತ ಕೇಳ್ತೀವಿ, ಅದಕ್ಕೆ ಒಪ್ಪಬಹುದು. ಈಗ ಗರಡಿಗೆ ಹೋಗಲ್ಲ ಅಕ್ಕ, ಸೀದಾ ಅವರ ಮನೆಗೆ ಹೋಗ್ತೀನಿ. ಮಗಳು ಕೆಲಸಕ್ಕೆ ಹೊರಡೋ ಮುಂಚೆ ಸಿಗಬೇಕು. ಮಾತ್ರೆ ಎತ್ತಿ ಕೊಡೋದು, ಅಡಿಗೆ ಮಾಡೋದು ಎರಡೂ ಅವಳೇ.